ಕುಕುಮ್‌ಸೇರಿ ಕ್ಷೇತ್ರವೂ ಸುತ್ತಲಿನ ಗ್ರಾಮಗಳೂ: ಬಿತ್ತನೆ ಆಲೂಗಡ್ಡೆಯ ಒಂದು ಪಾಠ

ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ, ಚಂದ್ರಭಾಗಾ ನದಿಯ ಬಳಿ, ಸುಮಾರು 2,700 ಮೀಟರ್ ಎತ್ತರದಲ್ಲಿ ಕುಕುಮ್‌ಸೇರಿ ಗ್ರಾಮವಿದೆ. ಪಾಲಂಪುರದ ಕೃಷಿ ವಿಶ್ವವಿದ್ಯಾಲಯದ ಎತ್ತರ ಪ್ರದೇಶದ ಸಂಶೋಧನಾ ಹಾಗೂ ವಿಸ್ತರಣಾ ಕೇಂದ್ರವು ಇಲ್ಲಿಯೇ ಇದೆ. ಚಳಿಗಾಲದಲ್ಲಿ ನೆಲವೆಲ್ಲ ಹಿಮದಡಿ ಇರುವುದರಿಂದ ವರ್ಷಕ್ಕೆ ಒಂದೇ ಬೆಳೆ. ಅದು ಕೈಕೊಟ್ಟರೆ ಮುಂದಿನ ಬೇಸಿಗೆಯವರೆಗೆ ಬೇರೆ ದಾರಿಯಿಲ್ಲ. ಆದುದರಿಂದ ಹೊಸ ತಳಿಯು ಮೊದಲು ಕ್ಷೇತ್ರದಲ್ಲಿ ಪರೀಕ್ಷೆಗೊಳಗಾಗುವುದು ಇಲ್ಲಿನ ರೈತರಿಗೆ ಹೊಟ್ಟೆಪಾಡಿನ ಪ್ರಶ್ನೆಯಾಗಿದೆ.

ಈ ಕಣಿವೆಯು ಬಹುಕಾಲದಿಂದ ಬಿತ್ತನೆ ಆಲೂಗಡ್ಡೆಗೆ ಹೆಸರಾಗಿದೆ. ಆಲೂಗಡ್ಡೆಯ ನಂಜುರೋಗಗಳಲ್ಲಿ ಹಲವನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಸಸ್ಯಹೇನು. ಇಲ್ಲಿನ ಶೀತ, ಒಣ ಗಾಳಿಯಲ್ಲಿ ಅದರ ಸಂಖ್ಯೆ ಕಡಿಮೆ. ನಂಜು ತಗುಲಿದ ಗೆಡ್ಡೆಯು ಹೊರನೋಟಕ್ಕೆ ಚೆನ್ನಾಗಿಯೇ ಕಾಣಬಹುದು. ಅದನ್ನೇ ಮತ್ತೆ ಮತ್ತೆ ಬಿತ್ತಿದಾಗ ಇಳುವರಿ ಕುಸಿಯುತ್ತ ಹೋಗುತ್ತದೆ.

ಆದರೆ ಹವೆಯೊಂದೇ ಸಾಲದು. ರೋಗದ ಗಿಡವನ್ನು ಒಬ್ಬನು ಕೀಳದೆ ಬಿಟ್ಟರೆ ನೆರೆಹೊಲದ ಬೀಜವೂ ಕೆಡುತ್ತದೆ. ನೀರಿನ ವಿಷಯವೂ ಹೀಗೆಯೇ. ಪೀರ್ ಪಂಜಾಲ್ ಶ್ರೇಣಿಯ ಮಳೆನೆರಳಿನಲ್ಲಿರುವ ಈ ಗ್ರಾಮಗಳು ಹಿಮ ಕರಗಿದ ನೀರನ್ನು 'ಕುಲ್' ಎಂಬ ಕಾಲುವೆಗಳಿಂದ ತಂದುಕೊಳ್ಳುತ್ತವೆ. ಕಾಲುವೆಯ ದುರಸ್ತಿ ಊರಿನವರ ಸೇರುಕೆಲಸ, ನೀರು ಸರದಿಯಂತೆ. ಹಿಮ ಕಡಿಮೆ ಬಿದ್ದ ವರ್ಷ ಸರದಿಯ ನ್ಯಾಯವೇ ಬೆಳೆಯನ್ನು ಉಳಿಸುತ್ತದೆ.

2020ರ ಅಕ್ಟೋಬರ್ 3ರಂದು 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗವು ತೆರೆದ ಬಳಿಕ ಮಾರುಕಟ್ಟೆ ಹತ್ತಿರವಾಗಿದೆ. ಬಟಾಣಿ, ಹೂಕೋಸುಗಳು ಅದಕ್ಕೂ ಮೊದಲೇ ಆಲೂಗಡ್ಡೆಯ ಜಾಗಕ್ಕೆ ಬಂದಿದ್ದವು. ಬೇಗ ಹಣ ತರುವ ತರಕಾರಿಯನ್ನು ಆರಿಸಿದ ರೈತನನ್ನು ದೂರುವಂತಿಲ್ಲ. ಆದರೂ ಬೀಜದ ಹೊಲಗಳು ಚದುರಿದಷ್ಟೂ ಊರೊಟ್ಟಿನ ರೋಗ ನಿಯಂತ್ರಣ ಕಷ್ಟವಾಗುತ್ತದೆ.

ನಮ್ಮ ಹಾಸನ ಜಿಲ್ಲೆಯ ಆಲೂಗಡ್ಡೆ ಬೆಳೆಗಾರರು ಮುಂಗಾರಿಗೆ ಪಂಜಾಬಿನ ಜಲಂಧರ್ ಕಡೆಯ ಬಿತ್ತನೆ ಗೆಡ್ಡೆಯನ್ನು ನೆಚ್ಚಿಕೊಂಡವರು. ಅಂಗಮಾರಿ ರೋಗದಿಂದ ಅವರು ಕಂಡ ನಷ್ಟ ಸಣ್ಣದಲ್ಲ. ಸೋಮನಹಳ್ಳಿ ಕಾವಲಿನ ತೋಟಗಾರಿಕೆ ಸಂಶೋಧನಾ ಕೇಂದ್ರವು ಅಂಗಾಂಶ ಕೃಷಿಯ ತಾಯಿಗಿಡಗಳಿಂದ ಕುಡಿಸಸಿ ಬೆಳೆಸಿ, ಸ್ಥಳೀಯವಾಗಿಯೇ ಬೀಜ ಪಡೆಯುವ ವಿಧಾನವನ್ನು ರೈತರಿಗೆ ತಲುಪಿಸಿದೆ. ಇಂತಹ ಬೀಜ ಬೆಳೆಯುವ ಗ್ರಾಮಗಳಲ್ಲಿ, ಬೀಜದ ತಾಕುಗಳನ್ನು ಮಾರಾಟದ ಬೆಳೆಯಿಂದ ಬೇರ್ಪಡಿಸುವುದನ್ನೂ ಕೊಳೆತ ಗೆಡ್ಡೆಗಳನ್ನು ಹೊಲದಂಚಿನಲ್ಲಿ ರಾಶಿ ಹಾಕದೆ ಹೂಳುವುದನ್ನೂ ಬಿತ್ತನೆಗೆ ಮುಂಚೆಯೇ ಗ್ರಾಮಸಭೆಯಲ್ಲಿ ಚರ್ಚಿಸಿ ನಿರ್ಣಯಿಸಬಹುದು.