ಗಾಡ್ ಆಫ್ ವಾರ್ ಆಡುವ ಮುನ್ನ

ಮಕ್ಕಳು ‘ಗಾಡ್ ಆಫ್ ವಾರ್’ ಬೇಕೆಂದು ಹಟ ಹಿಡಿದರೆ ಮೊದಲು ಡಬ್ಬಿಯ ಮೇಲಿನ ವಯಸ್ಸಿನ ಗುರುತು ನೋಡಿ. 2005ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂದ ಮೊದಲ ಆಟಕ್ಕೇ ಅಮೆರಿಕದಲ್ಲಿ 17 ತುಂಬಿದವರಿಗೆಂದು ಮುದ್ರೆ ಬಿದ್ದಿತ್ತು. ಚಿಕ್ಕವರಿಗೆ ಖಂಡಿತ ಬೇಡ.

ದೊಡ್ಡವರು ಆಡುವುದಾದರೆ ಸುಮ್ಮನೆ ಬಟನ್ ಒತ್ತುತ್ತಾ ಓಡಬೇಡಿ. ಕ್ರೇಟೋಸ್‌ನ (ಆಟದ ನಾಯಕ) ಬೆಳ್ಳಗಿನ ಮೈ ನೋಡಿ. ಯುದ್ಧದೇವ ಏರೀಸ್‌ನ ಮೋಸಕ್ಕೆ ಸಿಕ್ಕಿ ತಾನೇ ಕೊಂದ ಹೆಂಡತಿ, ಮಗಳ ಬೂದಿ ಅದು. ಶಾಪದಿಂದ ಮೈಗೆ ಅಂಟಿಕೊಂಡಿದೆ. ಈ ಕಥೆ ಗ್ರೀಕ್ ಪುರಾಣದಲ್ಲಿಲ್ಲ. ಅಲ್ಲಿನ ಕ್ರೇಟೋಸ್ ಬೇರೆಯೇ, ಪ್ರಮೀಥಿಯಸ್‌ನನ್ನು ಬಂಡೆಗೆ ಬಿಗಿಸಲು ನಿಂತ ಬಲದ ದೇವತೆ. ಪುರಾಣದಲ್ಲಿ ಹುಚ್ಚಿನಲ್ಲಿ ಹೆಂಡತಿ ಮಕ್ಕಳನ್ನು ಕೊಂದವನು ವೀರ ಹೆರಾಕ್ಲಿಸ್. ಸಾಧ್ಯವಾದರೆ ಗ್ರೀಕ್ ನಾಟಕಕಾರ ಯೂರಿಪಿಡೀಸ್ ಅವನ ಬಗ್ಗೆ ಬರೆದ ನಾಟಕವನ್ನು ಮೊದಲು ಓದಿ. ಕ್ರೇಟೋಸ್‌ನ ಸಿಟ್ಟಿನೊಳಗಿನ ಸಂಕಟ ಆಗ ಎದೆಗೆ ತಟ್ಟುತ್ತದೆ.