ಹಸ್ತಪ್ರತಿಯನ್ನು ಮೊದಲ ಸಲ ನೋಡುವವರಿಗೆ

ಹಳೆಯ ಹಸ್ತಪ್ರತಿ ಎಂದರೆ ಪಂಡಿತರ ಸೊತ್ತು, ನಮಗೆ ದಕ್ಕುವಂಥದ್ದಲ್ಲ ಎಂದು ನೀವು ಹಿಂದೆ ಸರಿಯಬಹುದು. ದಯವಿಟ್ಟು ಸರಿಯಬೇಡಿ. ನೀವು ಕೊಲ್ಹಾಪುರದ ಬಳಿ ಗೋಕುಳ ಶಿರಗಾಂವದ ಕಾರ್ಖಾನೆಯಲ್ಲಿ ದುಡಿಯುವವರಿರಬಹುದು, ಗಡಹಿಂಗ್ಲಜದಲ್ಲಿ ಶಾಲೆ ಕಲಿತವರಿರಬಹುದು. ಕನ್ನಡ ಅಕ್ಷರ ಓದಲು ಬಂದರೆ ಈ ವಿದ್ಯೆಯ ಮೊದಲ ಮೆಟ್ಟಿಲನ್ನು ನೀವು ಆಗಲೇ ಹತ್ತಿದ್ದೀರಿ.

ಕೈಯಿಂದ ಬರೆದ ಗ್ರಂಥವೇ ಹಸ್ತಪ್ರತಿ. ಮೊದಲ ಪಾಠ: ಇಲ್ಲಿ ‘ಪ್ರತಿ’ ಎಂಬುದನ್ನು ಮರೆಯಬೇಡಿ. ನಿಮ್ಮ ಕೈಗೆ ಬರುವುದು ಬಹುಮಟ್ಟಿಗೆ ಕವಿಯೇ ಬರೆದ ಮೂಲವಲ್ಲ. ಅದನ್ನು ಯಾರೋ ನೋಡಿ ಬರೆದದ್ದು, ಅದನ್ನು ನೋಡಿ ಮತ್ತೊಬ್ಬರು ಬರೆದದ್ದು. ಬರೆದವನಿಗೆ ಲಿಪಿಕಾರ ಎನ್ನುತ್ತಾರೆ.

ಎರಡನೆಯ ಪಾಠ: ಭಾಷೆ ಬೇರೆ, ಲಿಪಿ ಬೇರೆ. ಕೊಲ್ಹಾಪುರದ ಲಕ್ಷ್ಮೀಸೇನ ಭಟ್ಟಾರಕರ ಜೈನ ಮಠದಲ್ಲಿ ತಾಳೆಗರಿ ಗ್ರಂಥಗಳಿವೆ. ಗ್ರಂಥ ಸಂಸ್ಕೃತದ್ದೋ ಪ್ರಾಕೃತದ್ದೋ ಆಗಿದ್ದರೂ ಇಂಥ ಮಠಗಳಲ್ಲಿ ಅಕ್ಷರ ಹಳಗನ್ನಡದ್ದಾಗಿರುವುದು ಸಾಮಾನ್ಯ. ಚಿಕ್ಕೋಡಿ ಕಡೆಯ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಆ. ನೇ. ಉಪಾಧ್ಯೆಯವರು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಪ್ರಾಕೃತ ಕಲಿಸುತ್ತಿದ್ದರು. ಜಟಾಸಿಂಹನಂದಿ ಎಂಬ ಪ್ರಾಚೀನ ಕವಿಯ ‘ವರಾಂಗಚರಿತ’ ಎಂಬ ಸಂಸ್ಕೃತ ಕಾವ್ಯದ ಗರಿಗಳು ಅವರಿಗೆ ಸಿಕ್ಕಿದ್ದು ಇದೇ ಮಠದಲ್ಲಿ. ಪಂಪ, ಚಾವುಂಡರಾಯರಂಥ ಕನ್ನಡದ ಹಿರಿಯರು ಈ ಕವಿಯನ್ನು ಜಟಾಚಾರ್ಯ ಎಂದು ನೆನೆದಿದ್ದರು. ಕಾವ್ಯ ಮಾತ್ರ ಕಣ್ಮರೆಯಾಗಿತ್ತು. ಉಪಾಧ್ಯೆಯವರು ಎರಡು ತಾಳೆಗರಿ ಪ್ರತಿಗಳನ್ನು ಹೋಲಿಸಿ 1938ರಲ್ಲಿ ಅದನ್ನು ಅಚ್ಚಿಗೆ ತಂದರು. ಕಳೆದುಹೋಗಿದ್ದ ಸಂಸ್ಕೃತ ಕಾವ್ಯವೊಂದು ಹೀಗೆ ಮರಾಠಿ ಊರಿನ ಮಠದಲ್ಲಿ ಮರಳಿ ದೊರೆತದ್ದು ನನಗೆ ಇಂದಿಗೂ ರೋಮಾಂಚನ ತರುವ ಸಂಗತಿ.

ಈಗ ಒಂದು ಗರಿಯನ್ನೇ ಹತ್ತಿರದಿಂದ ನೋಡೋಣ. ಅಡ್ಡಕ್ಕೆ ಉದ್ದ, ಎತ್ತರಕ್ಕೆ ಎರಡು ಮೂರು ಬೆರಳಿನಷ್ಟು. ಕಂಟ ಎಂಬ ಕಬ್ಬಿಣದ ಮೊನೆಯಿಂದ ಅಕ್ಷರ ಕೊರೆಯುತ್ತಿದ್ದರು. ಕೊರೆದಾಗ ಅದು ಸರಿಯಾಗಿ ಕಾಣದು. ಎಣ್ಣೆಯಲ್ಲಿ ಕಲಸಿದ ಕಾಡಿಗೆ ಸವರಿ ಒರೆಸಿದಾಗ ಗೀರುಗಳಲ್ಲಿ ಕಪ್ಪು ನಿಂತು ಸಾಲು ಎದ್ದು ಕಾಣುತ್ತದೆ. ಗರಿಯ ತೂತಿನಲ್ಲಿ ದಾರ ಪೋಣಿಸಿ, ಮೇಲೆ ಕೆಳಗೆ ಮರದ ಹಲಗೆ ಇಟ್ಟು ಬಿಗಿದರೆ ಅದು ಒಂದು ಕಟ್ಟು. ಇಲ್ಲಿ ಅಂಕಿ ಹಾಕುವುದು ಗರಿಗೆ, ಪುಟಕ್ಕಲ್ಲ. ಆದ್ದರಿಂದ ‘12ನೆಯ ಗರಿಯ ಹಿಂಬದಿ’ ಎಂದು ಗುರುತು ಹಾಕಿಕೊಳ್ಳಬೇಕು.

ಓದಲು ಕುಳಿತಾಗ ಮೊದಲು ತಡೆಯುವುದು ಪದಗಳ ನಡುವೆ ಜಾಗವೇ ಇಲ್ಲದಿರುವುದು. ಮುಂದಿನದು ದೀರ್ಘದ ತೊಡಕು. ಹಳೆಯ ಬರವಣಿಗೆಯಲ್ಲಿ ಎ–ಏ, ಒ–ಓ ಎಂಬ ಭೇದ ತೋರಿಸುತ್ತಿರಲಿಲ್ಲ. ‘ಕೊಡು’ ಎಂದು ಕಂಡರೆ ಅದು ಕೊಡುವುದೋ, ಪ್ರಾಣಿಯ ಕೋಡೋ ಎಂದು ಹಿಂದುಮುಂದಿನ ಮಾತು ನೋಡಿಯೇ ತೀರ್ಮಾನಿಸಬೇಕು. ಪ ಮತ್ತು ವ ಒಂದೇ ಥರ ಕಾಣುತ್ತವೆ. ಅವಸರ ಬೇಡ. ಒಬ್ಬನೇ ಲಿಪಿಕಾರನ ನಾಲ್ಕು ಗರಿಗಳನ್ನು ನಿಧಾನವಾಗಿ ನಕಲು ಮಾಡಿ. ಅವನ ಕೈ ನಿಮಗೆ ಒಗ್ಗುತ್ತದೆ.

ಆದರೆ ಎಲ್ಲಿಂದ ಆರಂಭಿಸಬೇಕು? ನನ್ನ ಸಲಹೆ: ಕೊನೆಯ ಗರಿಯಿಂದ. ಗ್ರಂಥ ಮುಗಿದಲ್ಲಿ ಕರ್ತೃ, ಊರು, ಅರಸು, ಕಾಲ ಹೇಳುವ ಸಮಾಪ್ತಿವಾಕ್ಯ ಇರುತ್ತದೆ. ಇದಕ್ಕೆ ಪುಷ್ಪಿಕೆ ಎಂದು ಹೆಸರು. ಗಡಹಿಂಗ್ಲಜದ ನೆರೆಯ ಆಜರೆಯ ಉದಾಹರಣೆಯನ್ನೇ ಕೊಡುತ್ತೇನೆ. ಸೋಮದೇವನೆಂಬ ಜೈನ ಯತಿ ‘ಶಬ್ದಾರ್ಣವಚಂದ್ರಿಕೆ’ ಎಂಬ ವ್ಯಾಕರಣ ಗ್ರಂಥವನ್ನು ಅಲ್ಲಿನ ಬಸದಿಯಲ್ಲಿ ಕುಳಿತು ಬರೆದ, ಆಗ ಆಳುತ್ತಿದ್ದವನು ಶಿಲಾಹಾರರ ಇಮ್ಮಡಿ ಭೋಜ ಎಂದು ನಮಗೆ ತಿಳಿದದ್ದು ಇಂಥ ಸಾಲುಗಳಿಂದಲೇ. ಕಾಲ ಶಕ 1127, ಕ್ರೋಧನ ಸಂವತ್ಸರ.

ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ: 1205. ಸಂವತ್ಸರದ ಹೆಸರು ಏಕೆ ಬೇಕು? ತಾಳೆ ನೋಡಲು. ಸಂವತ್ಸರಗಳು ಅರವತ್ತು, ಪ್ರಭವದಿಂದ ಅಕ್ಷಯದವರೆಗೆ ಮುಗಿದು ಮತ್ತೆ ಸುತ್ತುತ್ತವೆ. 1987 ಪ್ರಭವ. ಹದಿಮೂರು ಸುತ್ತು, ಅಂದರೆ 780 ವರ್ಷ ಹಿಂದೆ ಹೋದರೆ 1207 ಪ್ರಭವ. ಅದಕ್ಕೆ ಮುಂಚಿನದು ಅಕ್ಷಯ, ಅದಕ್ಕೂ ಮುಂಚಿನದು ಕ್ರೋಧನ. 1205 ಸರಿಹೋಯಿತು! ಅಂಕಿಯೂ ಹೆಸರೂ ಕೂಡದಿದ್ದರೆ ಎಲ್ಲೋ ಕೈತಪ್ಪಾಗಿದೆಯೆಂದು ಅನುಮಾನಿಸಬೇಕು.

ಇಲ್ಲೊಂದು ಎಚ್ಚರಿಕೆ. ಕರ್ತೃವಿನ ಸಮಾಪ್ತಿವಾಕ್ಯವನ್ನು ಮುಂದಿನ ಲಿಪಿಕಾರರೂ ಹಾಗೆಯೇ ಬರೆಯುತ್ತಾರೆ. ಅದರ ಕೆಳಗೆ ತಮ್ಮ ಹೆಸರು, ಬರೆದು ಮುಗಿಸಿದ ದಿನ ಸೇರಿಸುವುದುಂಟು. ಮೊದಲನೆಯದು ಗ್ರಂಥದ ವಯಸ್ಸು, ಎರಡನೆಯದು ನಿಮ್ಮ ಮುಂದಿರುವ ಕಟ್ಟಿನ ವಯಸ್ಸು. ಇವೆರಡನ್ನೂ ಬೆರೆಸಬೇಡಿ.

ಕಾಗದದ ಬರಹಗಳದು ಬೇರೆಯೇ ಲೋಕ. 1710ರ ಸುಮಾರಿಗೆ ಮರಾಠಾ ರಾಣಿ ತಾರಾಬಾಯಿ ಬೇರೂರಿಸಿದ ಕೊಲ್ಹಾಪುರ ಸಂಸ್ಥಾನದ ದಫ್ತರಗಳು ಅಲ್ಲಿನ ಸರ್ಕಾರಿ ಪುರಾಭಿಲೇಖಾಗಾರದಲ್ಲಿವೆ. ಭಾಷೆ ಮರಾಠಿ, ಲಿಪಿ ಮೋಡಿ. ಮೊದಲು ಉದ್ದಕ್ಕೂ ತಲೆಗೆರೆ ಎಳೆದು, ಆಮೇಲೆ ಲೇಖನಿ ಎತ್ತದಂತೆ ಅಕ್ಷರಗಳನ್ನು ಜೋಡಿಸುವ ಓಟದ ಬರಹ ಅದು. ರಾಜರ ಚರಿತ್ರೆ ಹೇಳುವ ಗದ್ಯಕ್ಕೆ ಮರಾಠಿಯಲ್ಲಿ ಬಖರ ಎನ್ನುತ್ತಾರೆ. ಶಿವಾಜಿಯ ಮಗ ರಾಜಾರಾಮನ ಅಪ್ಪಣೆಯಂತೆ ಕೃಷ್ಣಾಜಿ ಅನಂತ ಸಭಾಸದ ಜಿಂಜಿಯಲ್ಲಿ ಬರೆದ ಬಖರ ಪ್ರಸಿದ್ಧ. ನಮ್ಮಲ್ಲಿ ಅದಕ್ಕೆ ಹತ್ತಿರವಾದದ್ದು ಕೈಫಿಯತ್ತು, ಅಂದರೆ ಊರು, ಗುಡಿ, ಮನೆತನಗಳ ಹಿನ್ನೆಲೆಯನ್ನು ಹೇಳಿ ಬರೆಸಿದ ವಿವರ. ಬ್ರಿಟಿಷ್ ಅಧಿಕಾರಿ ಕರ್ನಲ್ ಮೆಕೆಂಜಿ ಇವುಗಳನ್ನು ಊರೂರಿಂದ ಸಂಗ್ರಹಿಸಿದ, ಕನ್ನಡದವನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ್ದಾರೆ. ಓದಿದರೆ ಕಥೆಯಂತೆ ಸಾಗುತ್ತವೆ, ಆದರೆ ಶಾಸನದೊಡನೆ ತಾಳೆ ನೋಡದೆ ನಂಬಲಾಗದು.

ಗೋಕುಳ ಶಿರಗಾಂವದಿಂದ ಶಿವಾಜಿ ವಿಶ್ವವಿದ್ಯಾಲಯ ದೂರವಲ್ಲ. ಅಲ್ಲಿನ ಬ್ಯಾರಿಸ್ಟರ್ ಬಾಳಾಸಾಹೇಬ ಖರ್ಡೇಕರ ಗ್ರಂಥಾಲಯದಲ್ಲಿಯೂ ಹಸ್ತಪ್ರತಿಗಳಿವೆ. ಮುಂಚಿತವಾಗಿ ಅನುಮತಿ ಕೇಳಿ. ಮೊದಲು ಗ್ರಂಥಸೂಚಿ ನೋಡಿ, ಹೆಸರಿನೊಡನೆ ಕ್ರಮಸಂಖ್ಯೆಯನ್ನೂ ಬರೆದುಕೊಂಡು ಕೇಳಿ. ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಬರೆದುಕೊಳ್ಳಲು ಪೆನ್ಸಿಲ್ ಮಾತ್ರ, ಶಾಯಿ ಬೇಡ. ಎಂಜಲು ಬೆರಳಿನಿಂದ ಹಾಳೆ ತಿರುವಬೇಡಿ. ಗರಿಯನ್ನು ತುದಿ ಹಿಡಿದು ಎಳೆಯದೆ ಎರಡೂ ಕೈಯಿಂದ ಎತ್ತಿ. ಮಠಕ್ಕೆ ಹೋದರೆ ಅಲ್ಲಿ ಅವು ಪೂಜೆಗೊಳ್ಳುವ ಶಾಸ್ತ್ರಗಳು; ಅಲ್ಲಿಯವರು ತಾವಾಗಿ ಕಟ್ಟು ಬಿಚ್ಚಿ ತೋರಿಸುವವರೆಗೆ ಕೈ ಹಚ್ಚಬೇಡಿ.