ಟ್ರಾಲಿಯ ಭಾರ ಮತ್ತು ಓಲಾಟ: ಕೊಂಡಿ ಹಾಕುವಾಗ ಗಮನಿಸಬೇಕಾದ ಅಂಶಗಳು

ಗಂಗಾವತಿ, ಕಾರಟಗಿ ಭಾಗದಲ್ಲಿ ಭತ್ತದ ಕೊಯ್ಲು ಪ್ರಾರಂಭವಾಯಿತೆಂದರೆ ತುಂಗಭದ್ರಾ ಎಡದಂಡೆ ಕಾಲುವೆಯ ಅಕ್ಕಪಕ್ಕದ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳ ಸಾಲೇ ಕಂಡುಬರುತ್ತದೆ. ಚೀಲಗಳು ಅಕ್ಕಿ ಗಿರಣಿಗೆ ಹೋಗುತ್ತವೆ. ಹುಲ್ಲು ಕುಷ್ಟಗಿ, ಯಲಬುರ್ಗಾ ಕಡೆಯ ಒಣಬೇಸಾಯದ ಊರುಗಳಿಗೆ ಮೇವಾಗಿ ಹೋಗುತ್ತದೆ. ಅತ್ತ ಕಡೆಯಿಂದ ಶೇಂಗಾ, ಕಡಲೆ, ಮೆಕ್ಕೆಜೋಳ ಕೊಪ್ಪಳದ ಪೇಟೆಗೆ ಬರುತ್ತವೆ. ಇಷ್ಟೆಲ್ಲ ಸಾಗಣೆಯೂ ನಡೆಯುವುದು ಹೆಬ್ಬೆರಳು ಗಾತ್ರದ ಒಂದು ಪಿನ್ನಿನ ಮೇಲೆ. ಇಂಜಿನ್ನಿನ ಎಣ್ಣೆ, ಟೈರಿನ ಗಾಳಿ ಇವುಗಳನ್ನು ನೋಡಿಕೊಳ್ಳುವ ರೈತರು ಸಹ ಟ್ರಾಲಿಯ ಭಾರ ಆ ಪಿನ್ನಿನ ಮೇಲೆ ಎಷ್ಟು ಬೀಳುತ್ತಿದೆಯೆಂಬುದನ್ನು ವಿಚಾರಿಸುವುದು ಅಪರೂಪ. ಟ್ರ್ಯಾಕ್ಟರಿನ ಮೂತಿ ಮೇಲೇಳುವುದಕ್ಕೂ, ಟ್ರಾಲಿ ಬಾಲದಂತೆ ಓಲಾಡುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ.

ಚಕ್ಕಡಿ ಹೂಡಿದವರಿಗೆ ಈ ವಿಷಯ ಹೊಸದಲ್ಲ. ಹೇರು ಮುಂದಾದರೆ ಎತ್ತಿನ ಹೆಗಲು ಬಾಯುತ್ತದೆ. ಹಿಂದಾದರೆ ನೊಗ ಮೇಲಕ್ಕೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಆದುದರಿಂದ ಹಿರಿಯರು ಹೇರು ಹಾಕಿದ ಮೇಲೆ ನೊಗವನ್ನು ಒಮ್ಮೆ ಕೈಯಿಂದ ಎತ್ತಿ ನೋಡುತ್ತಿದ್ದರು. ಟ್ರ್ಯಾಕ್ಟರು ಎತ್ತಿನಂತೆ ತಲೆ ಒದರುವುದಿಲ್ಲವಾದ್ದರಿಂದ ನಾವು ಆ ಅಭ್ಯಾಸವನ್ನು ಬಿಟ್ಟಿದ್ದೇವೆ.

ಕೊಂಡಿಯ ಮೇಲಿನ ಭಾರದ ಲೆಕ್ಕ

ಎರಡು ಗಾಲಿಯ ಟ್ರಾಲಿಯಲ್ಲಿ ಭಾರದ ಹೆಚ್ಚಿನ ಪಾಲನ್ನು ಅಚ್ಚು ಹೊರುತ್ತದೆ, ಉಳಿದದ್ದು ಟ್ರ್ಯಾಕ್ಟರಿನ ಕೊಂಡಿಗೆ ಬೀಳುತ್ತದೆ. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಟ್ರಾಲಿಯ ಮುಂತುದಿಯ ಬಳೆಯಿಂದ ಅಚ್ಚಿಗೆ 3 ಮೀಟರು ದೂರವಿದೆ. ತೊಟ್ಟಿಯ ಉದ್ದ 3 ಮೀಟರು. ಅಚ್ಚು ತೊಟ್ಟಿಯ ನಡುಮಧ್ಯಕ್ಕಿಂತ 30 ಸೆಂ.ಮೀ. ಹಿಂದಕ್ಕಿದೆ. 75 ಕಿ.ಗ್ರಾಂ.ನ 40 ಚೀಲ ಭತ್ತವನ್ನು ಸಮನಾಗಿ ಹರಡಿದರೆ ಒಟ್ಟು 3000 ಕಿ.ಗ್ರಾಂ. ಆಗುತ್ತದೆ. ಈ ಭಾರದ ನಡುಬಿಂದು ಅಚ್ಚಿಗಿಂತ 30 ಸೆಂ.ಮೀ. ಮುಂದಿರುವುದರಿಂದ ಹತ್ತನೆಯ ಒಂದು ಪಾಲು, ಅಂದರೆ 300 ಕಿ.ಗ್ರಾಂ., ಕೊಂಡಿಯ ಮೇಲೆ ಬೀಳುತ್ತದೆ. ಇದು ತಕ್ಕ ಪ್ರಮಾಣ. ಹಿಂದಿನ ಗಾಲಿಗಳಿಗೆ ನೆಲದ ಹಿಡಿತ ಸಿಗುತ್ತದೆ, ಟ್ರಾಲಿಯೂ ನೇರವಾಗಿ ಹಿಂಬಾಲಿಸುತ್ತದೆ.

ಈಗ ದಾರಿಯಲ್ಲಿ ಒಂದು ಮನೆಯ ಮುಂದೆ ನಿಲ್ಲಿಸಿ, ಕೈಗೆ ಸುಲಭವಾಗಿ ಸಿಕ್ಕವೆಂದು ಮುಂದಿನ ಅರ್ಧದ 20 ಚೀಲಗಳನ್ನು ಇಳಿಸಿದಿರೆಂದು ತಿಳಿಯಿರಿ. ಉಳಿದ 1500 ಕಿ.ಗ್ರಾಂ. ಭಾರದ ನಡುಬಿಂದು ಅಚ್ಚಿಗಿಂತ 45 ಸೆಂ.ಮೀ. ಹಿಂದಕ್ಕೆ ಸರಿಯಿತು. ಖಾಲಿ ಟ್ರಾಲಿಯ ಸ್ವಂತ ಭಾರವನ್ನು ಬಿಟ್ಟು ಲೆಕ್ಕ ಹಾಕಿದರೆ, ಮೊದಲು ಕೊಂಡಿಯನ್ನು 300 ಕಿ.ಗ್ರಾಂ. ಒತ್ತುತ್ತಿದ್ದ ಟ್ರಾಲಿ ಈಗ 225 ಕಿ.ಗ್ರಾಂ. ಬಲದಿಂದ ಅದನ್ನು ಮೇಲಕ್ಕೆತ್ತುತ್ತಿದೆ! ಹಿಂದಿನ ಗಾಲಿಗಳು ಹಗುರಾಗಿ ಬ್ರೇಕು ಹಿಡಿದಾಗ ಜಾರುತ್ತವೆ, ಟ್ರಾಲಿ ಅಡ್ಡಾಡತೊಡಗುತ್ತದೆ. ಹೇರು ಅರ್ಧವಾಯಿತು, ಇನ್ನು ಅಪಾಯವಿಲ್ಲ ಎಂದು ಚಾಲಕ ವೇಗ ಹೆಚ್ಚಿಸುವುದೂ ಇದೇ ಹೊತ್ತಿಗೆ. ಆದುದರಿಂದ ಚೀಲಗಳನ್ನು ಹಿಂದು ಮುಂದು ಸಮನಾಗಿ ಇಳಿಸಬೇಕು. ಆಗದಿದ್ದರೆ ಹಿಂದಿನವನ್ನು ಮೊದಲು ಇಳಿಸಬೇಕು. ಇಂಥ ಅರೆಹೇರಿನ ಟ್ರಾಲಿಯ ಪಿನ್ನನ್ನು ಎಂದೂ ಕಳಚಬಾರದು. ಮುಂತುದಿ ಹಠಾತ್ತನೆ ಮೇಲೆ ಚಿಮ್ಮಿ, ಬಗ್ಗಿ ನಿಂತವರ ಗದ್ದಕ್ಕೆ ಬಡಿಯುತ್ತದೆ.

ಇದಕ್ಕೊಂದು ಸುಲಭ ಉಪಾಯವುಂಟು. ಟ್ರಾಲಿಯ ಎರಡೂ ಪಕ್ಕದ ಹಲಗೆಗಳ ಮೇಲೆ, ಅಚ್ಚಿಗೆ ನೇರವಾಗಿ, ಕೆಂಪು ಬಣ್ಣದಿಂದ ಒಂದು ಗೆರೆ ಎಳೆಯಿರಿ. ಹೇರುವ ಕೂಲಿಯವರಿಗೆ ಗೆರೆಯ ಮುಂದೆ ಚೀಲ ಹೆಚ್ಚಿರಬೇಕು ಎಂದಷ್ಟೇ ಹೇಳಿದರೆ ಸಾಕು. ಹೊಸ ಟ್ರಾಲಿ ಮಾಡಿಸುವವರು ಅಚ್ಚು ತೊಟ್ಟಿಯ ನಡುವಿಗಿಂತ ಹಿಂದಿದೆಯೇ ಎಂದು ಅಳೆದು ನೋಡಿಯೇ ಹಣ ಕೊಡುವುದು ಒಳ್ಳೆಯದು.

ಮುಂದಿನ ಗಾಲಿಗಳು ಹಗುರಾಗುವುದು

ಕೊಂಡಿಯ ಮೇಲೆ ಭಾರ ಬೇಕು, ಆದರೆ ಮಿತಿ ಮೀರಬಾರದು. ಕೊಂಡಿಯು ಟ್ರ್ಯಾಕ್ಟರಿನ ಹಿಂದಿನ ಅಚ್ಚಿಗಿಂತ ಹೊರಗಿರುವುದರಿಂದ ಅಲ್ಲಿ ಒತ್ತಿದ ಭಾರ ಮುಂದಿನ ಗಾಲಿಗಳನ್ನು ಎತ್ತುತ್ತದೆ. ಒಟ್ಟು 2000 ಕಿ.ಗ್ರಾಂ. ತೂಗುವ ಟ್ರ್ಯಾಕ್ಟರಿನ ಮುಂದಿನ ಗಾಲಿಗಳ ಮೇಲೆ 720 ಕಿ.ಗ್ರಾಂ. ಇದೆಯೆನ್ನೋಣ. ಗಾಲಿಗಳ ನಡುವಿನ ಅಂತರ 2 ಮೀಟರು, ಕೊಂಡಿ ಹಿಂದಿನ ಅಚ್ಚಿನಿಂದ 75 ಸೆಂ.ಮೀ. ಹಿಂದೆ. ಮೇಲೆ ಹೇಳಿದ 300 ಕಿ.ಗ್ರಾಂ. ಬಿದ್ದಾಗ ಮುಂದೆ ಸುಮಾರು 112 ಕಿ.ಗ್ರಾಂ. ಕಡಿಮೆಯಾಗಿ 608 ಉಳಿಯುತ್ತದೆ. ಇದು ನಿಂತಾಗಿನ ಮಾತು. ಎಳೆಯುವಾಗ ಇನ್ನಷ್ಟು ಕಡಿಮೆಯಾಗುತ್ತದೆ. ಕೊಂಡಿ ಎಷ್ಟು ಎತ್ತರದಲ್ಲಿದೆಯೋ ಅಷ್ಟು ಹೆಚ್ಚು. ನೆಲದಿಂದ 40 ಸೆಂ.ಮೀ. ಎತ್ತರದ ಕೊಂಡಿಯಲ್ಲಿ 1000 ಕಿ.ಗ್ರಾಂ. ಬಲದಿಂದ ಎಳೆದರೆ ಮುಂದೆ 200 ಕಿ.ಗ್ರಾಂ. ಕಳೆಯುತ್ತದೆ. ಅದೇ ಎಳೆತವನ್ನು 1 ಮೀಟರು ಎತ್ತರದಿಂದ ಮಾಡಿದರೆ 500 ಕಿ.ಗ್ರಾಂ. ಕಳೆಯುತ್ತದೆ. 608ರಲ್ಲಿ 500 ಹೋದರೆ ಉಳಿದದ್ದೆಷ್ಟು? ಸ್ವಲ್ಪ ಏರು ಸಿಕ್ಕರೂ ಅದೂ ಉಳಿಯುವುದಿಲ್ಲ.

ಈ ಲೆಕ್ಕವನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಹಸಿ ಗದ್ದೆಯಲ್ಲಿ ಟ್ರಾಲಿ ಹೂತಾಗ ಕೆಲವರು ಸರಪಳಿಯನ್ನು ಹಿಂದಿನ ಅಚ್ಚಿಗೋ, ಅದಕ್ಕೂ ಮೇಲಿರುವ ಮೇಲಿನ ಲಿಂಕಿನ ಜಾಗಕ್ಕೋ ಕಟ್ಟಿ ಎಳೆಯುತ್ತಾರೆ. ಎತ್ತರ ಕಟ್ಟಿದರೆ ಜೋರು ಹೆಚ್ಚೆಂಬ ನಂಬಿಕೆ. ಹಿಂದಿನ ಗಾಲಿ ಕೆಸರಿನಲ್ಲಿ ಕಚ್ಚಿಕೊಂಡು ತಿರುಗದಿದ್ದಾಗ ಟ್ರ್ಯಾಕ್ಟರು ಅದೇ ಅಚ್ಚಿನ ಸುತ್ತ ತಾನೇ ತಿರುಗಿ, ಒಂದೆರಡು ಸೆಕೆಂಡುಗಳಲ್ಲಿ ಚಾಲಕನ ಮೇಲೆಯೇ ಮಗುಚಿಬೀಳುತ್ತದೆ. ಕ್ಲಚ್ಚು ತುಳಿಯಲು ಕೂಡ ಸಮಯ ಸಿಗುವುದಿಲ್ಲ. ಎಳೆಯುವುದೇನಿದ್ದರೂ ಕೆಳಗಿನ ಎಳೆಪಟ್ಟಿಯಿಂದಲೇ ಎಳೆಯತಕ್ಕದ್ದು. ಎಳೆದರೂ ಬಾರದಿದ್ದರೆ ಹೇರು ಇಳಿಸಿ. ಗದ್ದೆಯಿಂದ ಕಾಲುವೆ ಏರಿಗೆ ಹತ್ತುವ ಕಡಿದಾದ ಜಾಗದಲ್ಲಿ ಕ್ಲಚ್ಚನ್ನು ಒಮ್ಮೆಲೇ ಬಿಡುವುದೂ ಇಷ್ಟೇ ಅಪಾಯಕರ.

ಕಾಟಾದ ಮೇಲೆ ಪರೀಕ್ಷೆ

ಅಮೆರಿಕದಲ್ಲಿ ಮನೆಯಂಥ ಟ್ರೇಲರುಗಳನ್ನು ಕಾರಿನ ಹಿಂದೆ ಕಟ್ಟಿ ಪ್ರವಾಸ ಹೋಗುವವರು ಟ್ರೇಲರಿನ ತೂಕದ ನೂರಕ್ಕೆ 10ರಿಂದ 15 ಭಾಗ ಕೊಂಡಿಯ ಮೇಲಿರುವಂತೆ ನೋಡಿಕೊಳ್ಳುತ್ತಾರೆ. ಕಾರಿನ ಹಿಂಬದಿ ಕುಸಿಯದಿರಲು ಬಾಗುವ ಉಕ್ಕಿನ ಸರಳುಗಳನ್ನು ಕೊಂಡಿಗೆ ಜೋಡಿಸಿ, ಭಾರದ ಒಂದು ಪಾಲನ್ನು ಮುಂದಿನ ಗಾಲಿಗಳಿಗೆ ಮರಳಿಸುತ್ತಾರೆ. ಓಲಾಟ ತಡೆಯಲು ತಿಕ್ಕಾಟದ ಪಟ್ಟಿಯನ್ನೂ ಹಾಕುತ್ತಾರೆ. ನಮ್ಮ ಟ್ರ್ಯಾಕ್ಟರಿಗೆ ಆ ಸಲಕರಣೆ ಬರುವುದಿಲ್ಲ, ಬೇಕಾಗಿಯೂ ಇಲ್ಲ. ಅದೇ ಕೆಲಸವನ್ನು ಮುಂದಿನ ತೂಕದ ಬಿಲ್ಲೆಗಳಿಂದ ಮಾಡಿಕೊಳ್ಳಬಹುದು.

ಅವರು ಕಾರಿನ ಮುಂಭಾಗ ಎಷ್ಟು ಎದ್ದಿತೆಂದು ಅಳೆದು ನೋಡುತ್ತಾರೆ. ಟ್ರ್ಯಾಕ್ಟರಿಗೆ ಸ್ಪ್ರಿಂಗು ಇಲ್ಲದ ಕಾರಣ ಆ ಅಳತೆ ಉಪಯೋಗವಿಲ್ಲ. ನಮಗೆ ಅಕ್ಕಿ ಗಿರಣಿಯ ಲಾರಿ ಕಾಟಾ ಇದೆ. ಮೊದಲು ಬರಿಯ ಟ್ರ್ಯಾಕ್ಟರನ್ನು ಪೂರ್ತಿ ತೂಗಿಸಿ. ಬಳಿಕ ಮುಂದಿನ ಎರಡು ಗಾಲಿಗಳನ್ನು ಮಾತ್ರ ಕಾಟಾದ ಮೇಲೆ ನಿಲ್ಲಿಸಿ ತೂಗಿಸಿ. ಕೊನೆಗೆ ತುಂಬಿದ ಟ್ರಾಲಿಯನ್ನು ಕಟ್ಟಿಕೊಂಡು ಅದೇ ರೀತಿ ಮುಂದಿನ ಗಾಲಿಗಳನ್ನು ಮತ್ತೊಮ್ಮೆ ತೂಗಿಸಿ. ಕಾಟಾದ ಮುಂದಿನ ನೆಲ ಸಮನಾಗಿರಬೇಕು. ಕೊನೆಯ ತೂಕ ಟ್ರ್ಯಾಕ್ಟರಿನ ಒಟ್ಟು ತೂಕದ ಐದನೆಯ ಒಂದು ಪಾಲಿಗಿಂತ ಕಡಿಮೆಯಾಗಬಾರದು. ನಮ್ಮ ಉದಾಹರಣೆಯಲ್ಲಿ 400 ಕಿ.ಗ್ರಾಂ. ಇದು ಕನಿಷ್ಠ ಮಿತಿ. ಏರು ರಸ್ತೆಗೆ ಇನ್ನೂ ಹೆಚ್ಚಿರಬೇಕು. ಕೊಂಡಿ ಹೊರಬಹುದಾದ ಗರಿಷ್ಠ ಭಾರವನ್ನು ಟ್ರ್ಯಾಕ್ಟರಿನ ಕೈಪಿಡಿಯಲ್ಲಿ ನೋಡಿಕೊಳ್ಳಿ.

ತೂಕ ಕಡಿಮೆ ಬಂದರೆ ಮೊದಲು ಹೇರನ್ನು ತುಸು ಹಿಂದಕ್ಕೆ ಸರಿಸಿ ಅಥವಾ ಕಡಿಮೆ ಮಾಡಿ, ಆಮೇಲೆ ಬಿಲ್ಲೆಗಳ ವಿಚಾರ. ಮುಂದಿನ ಅಚ್ಚಿನಿಂದ 60 ಸೆಂ.ಮೀ. ಮುಂದೆ ತೂಗುಹಾಕಿದ 100 ಕಿ.ಗ್ರಾಂ. ಬಿಲ್ಲೆ ಮುಂದಿನ ಗಾಲಿಗಳಿಗೆ 130 ಕಿ.ಗ್ರಾಂ.ನಷ್ಟು ಭಾರ ಕೊಡುತ್ತದೆ. ಬಿಲ್ಲೆಯ ಬದಲು ಇಬ್ಬರು ಹುಡುಗರನ್ನು ಮುಂದಿನ ಬಂಪರಿನ ಮೇಲೆ ಕೂರಿಸುವ ಪದ್ಧತಿ ಕೆಲವೆಡೆ ಇದೆ. ಅವರು ಬಿದ್ದರೆ ಬೀಳುವುದು ಗಾಲಿಯ ಕೆಳಗೇ.

ಓಲಾಟ

ಓಲಾಟಕ್ಕೆ ಹಿಂದಾದ ಹೇರು ಮೊದಲ ಕಾರಣ; ಸವೆದ ಪಿನ್ನು ಎರಡನೆಯದು. ಪಿನ್ನಿಗೂ ಬಳೆಗೂ ನಡುವೆ ಬೆರಳು ತೂರುವಷ್ಟು ಸಡಿಲವಿದ್ದರೆ ಪ್ರತಿ ಕುಲುಕಿಗೂ ಟ್ರಾಲಿ ಒದೆಯುತ್ತದೆ. ಪಿನ್ನಿನ ಬದಲು ಹಳೆಯ ಬೋಲ್ಟು ಸಿಕ್ಕಿಸುವುದು, ಕೆಳಗಿನ ಕ್ಲಿಪ್ಪಿನ ಬದಲು ತಂತಿ ಸುತ್ತುವುದು ಇವೆರಡನ್ನೂ ಬಿಡಬೇಕು. ಮೂರನೆಯದಾಗಿ, ಕೆಳಗಿನ ಎರಡು ಲಿಂಕುಗಳ ನಡುವೆ ಹಾಕುವ ತೂತುಪಟ್ಟಿಗೆ ಟ್ರಾಲಿ ಕಟ್ಟುವುದು. ಆ ಲಿಂಕುಗಳು ಮೇಲೆ ಕೆಳಗೆ, ಅಕ್ಕಪಕ್ಕ ಆಡುವಂಥವು. ಟ್ರಾಲಿಗೆ ಕದಲದ ಕೊಂಡಿಯೇ ಬೇಕು. ತಿರುಗುವ ಎಳೆಪಟ್ಟಿ ಇರುವ ಟ್ರ್ಯಾಕ್ಟರುಗಳಲ್ಲಿ ರಸ್ತೆಗೆ ಬರುವ ಮುಂಚೆ ಅದನ್ನು ಪಿನ್ನು ಹಾಕಿ ನಡುವಿಗೆ ಬಿಗಿಯಬೇಕು. ಟ್ರಾಲಿಯ ಎರಡೂ ಟೈರುಗಳಲ್ಲಿ ಗಾಳಿ ಸಮನಾಗಿರಬೇಕು.

ನಾಲ್ಕು ಗಾಲಿಯ ಟ್ರಾಲಿ ಕೊಂಡಿಯ ಮೇಲೆ ಭಾರವನ್ನೇ ಹಾಕುವುದಿಲ್ಲ, ಆದ್ದರಿಂದ ಟ್ರ್ಯಾಕ್ಟರಿಗೆ ಹಿಡಿತವನ್ನೂ ಕೊಡುವುದಿಲ್ಲ. ಇಳಿಜಾರಿನಲ್ಲಿ ಅದು ಹಿಂದಿನಿಂದ ನೂಕಿ ಟ್ರ್ಯಾಕ್ಟರನ್ನು ಅಡ್ಡ ತಿರುಗಿಸಬಲ್ಲದು. ಯಾವ ಗೇರಿನಲ್ಲಿ ಹತ್ತಬೇಕಾಗುತ್ತಿತ್ತೋ ಅದೇ ಗೇರಿನಲ್ಲಿ ಇಳಿಯಬೇಕು. ಎಣ್ಣೆ ಉಳಿಸಲೆಂದು ನ್ಯೂಟ್ರಲ್ ಮಾಡಬಾರದು. ಎರಡು ಬ್ರೇಕು ಪೆಡಲುಗಳನ್ನು ರಸ್ತೆಯಲ್ಲಿ ಚಿಲಕ ಹಾಕಿ ಒಂದು ಮಾಡಿರಬೇಕು. ಆನೆಗೊಂದಿ ಕಡೆಯ ಬಂಡೆಗಳ ನಡುವಿನ ತಿರುವುಗಳಲ್ಲಿ ಒಂದೇ ಪೆಡಲು ತುಳಿದರೆ ಟ್ರ್ಯಾಕ್ಟರು ಒಂದು ಕಡೆಗೆ ಎಳೆಯುತ್ತದೆ, ಹಿಂದಿನ ಹೇರು ನೇರ ಬರುತ್ತದೆ. ಟ್ರಾಲಿ ಓಲಾಡತೊಡಗಿದಾಗ ಗಟ್ಟಿಯಾಗಿ ಬ್ರೇಕು ತುಳಿಯದೆ, ಸ್ಟೀರಿಂಗನ್ನು ನೇರವಾಗಿ ಹಿಡಿದು, ಎಕ್ಸಲರೇಟರ್ ಬಿಟ್ಟು ವೇಗ ತಗ್ಗಿಸಬೇಕು.

ಹುಲ್ಲಿನ ಹೇರಿಗೆ ತೂಕ ಕಡಿಮೆ, ಎತ್ತರ ಹೆಚ್ಚು. ಕುಷ್ಟಗಿ ಬಯಲಿನ ಗಾಳಿಯಲ್ಲಿ ಅದು ಹಾಯಿಯಂತೆ ವರ್ತಿಸುತ್ತದೆ. ಒಂದು ಮಗ್ಗುಲಿಗೆ ವಾಲಿದ್ದನ್ನು ಕಂಡರೆ ಹಗ್ಗ ಬಿಚ್ಚಿ ಹೊಸದಾಗಿ ಕಟ್ಟಬೇಕು; ಊರು ಹತ್ತಿರವಿದೆಯೆಂದು ಮುಂದುವರಿಯಬಾರದು.

ಹುಲಿಗಿಗೆ, ಗವಿಮಠದ ಜಾತ್ರೆಗೆ ಟ್ರಾಲಿ ತುಂಬ ಜನ ಹೋಗುವುದನ್ನು ಎಲ್ಲರೂ ಕಂಡಿದ್ದೇವೆ. ಇದು ಕಾನೂನಿಗೆ ವಿರುದ್ಧ, ಅಪಘಾತವಾದರೆ ವಿಮೆಯ ಪರಿಹಾರವೂ ತಕರಾರಿಗೆ ಬೀಳುತ್ತದೆ. ಚೀಲ ಇಟ್ಟಲ್ಲಿ ಇರುತ್ತದೆ. ಜನ ಹಾಗಲ್ಲ, ಹಿಂದಿನ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂರುತ್ತಾರೆ. ಭಾರವೆಲ್ಲ ಕೆಂಪು ಗೆರೆಯ ಹಿಂದೆ.

ಪಿನ್ನು ಮುರಿದರೂ ಟ್ರಾಲಿ ಬೇರೆಯಾಗದಂತೆ ಎರಡು ಸರಪಳಿಗಳನ್ನು ಮುಂತುದಿಯ ಕೆಳಗೆ ಅಡ್ಡಡ್ಡ ಹಾಯಿಸಿ ಕಟ್ಟಿರಿ. ತಿರುವಿನಲ್ಲಿ ಬಿಗಿಯದಷ್ಟು ಸಡಿಲವಿರಲಿ, ನೆಲಕ್ಕೆ ತಾಗದಿರಲಿ. ಕಾಟಾದ ಚೀಟಿಗಳನ್ನು ಹಾನೆ ಡಬ್ಬಿಯಲ್ಲಿ ಇಟ್ಟುಕೊಂಡು, ಟ್ರಾಲಿ ಬದಲಾದಾಗ ಮತ್ತೊಮ್ಮೆ ತೂಗಿಸಿರಿ.